ತಾರಸಿ ಅಡುಗೆಮನೆಯ ಚಿತ್ರದಲ್ಲಿ ಬಿಟ್ಟುಹೋದ ಒಂದು ಅಂಗುಲ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ತಾರಸಿಯ ಮೇಲೆ ಅಡುಗೆಮನೆ ಕಟ್ಟಿಕೊಳ್ಳುವ ಬಗ್ಗೆ ಬಂದ ಬರಹವನ್ನು ಓದಿದೆ. ಬರಹಕ್ಕಿಂತ ಹೆಚ್ಚು ಹೊತ್ತು ಅದರ ಜೊತೆಗಿದ್ದ ಬಣ್ಣದ ಚಿತ್ರವನ್ನೇ ನೋಡುತ್ತಾ ಕೂತೆ, ಕಾಫಿ ಆರಿಹೋಯಿತು. ಕಪ್ಪು ಗ್ರಾನೈಟ್ ಕಟ್ಟೆ, ಅದರ ನಡುವೆ ಇದ್ದಿಲಿನಲ್ಲಿ ಉರಿಯುವ ಮೊಟ್ಟೆಯಾಕಾರದ ಸೆರಾಮಿಕ್ ಗ್ರಿಲ್ ಒಲೆ, ಮೇಲೆ ಮರದ ಚಪ್ಪರ, ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟು ನಗುತ್ತಿರುವ ಯುವಕ. ಗ್ರಿಲ್ಲಿಗೂ ಕಲ್ಲಿಗೂ ನಡುವೆ ಪೋಸ್ಟ್ ಕಾರ್ಡ್ ತೂರುವಷ್ಟು ಸಂದೂ ಇಲ್ಲ. ಕೆಳಗೆ ಗಾಳಿಬಾಗಿಲು ಇರಬೇಕಾದ ಕಡೆ ಕಲ್ಲಿನ ಹೊದಿಕೆ. ಇಂಥದೇ ಚೊಕ್ಕ ಕೆಲಸಕ್ಕೆ ಎರಡು ವರ್ಷದ ಹಿಂದೆ ನಾನೂ ದುಡ್ಡು ಕೊಟ್ಟವನು, ಅದಕ್ಕೇ ಈ ಪತ್ರ.

ನಾನು ಪೀಣ್ಯದ ಒಂದು ಫೌಂಡ್ರಿಯಲ್ಲಿ 28 ವರ್ಷ ಎರಕದ ಕೆಲಸ ನೋಡಿಕೊಂಡವನು. ನಿವೃತ್ತನಾಗಿ ನಂದಿನಿ ಬಡಾವಣೆಯ 30–40 ಸೈಟಿನ ಮನೆಯಲ್ಲಿದ್ದೇನೆ. ಅಳಿಯ ಕೆಲವು ವರ್ಷ ಅಟ್ಲಾಂಟಾದಲ್ಲಿದ್ದು ವಾಪಸ್ ಬಂದವರು. ಅಲ್ಲಿ ಈ ಒಲೆಯ ರುಚಿ ಹತ್ತಿಸಿಕೊಂಡಿದ್ದರು. ಇಲ್ಲಿ ಒಂದನ್ನು ಕೊಂಡು ತಂದು, "ಮಾವ, ಇದನ್ನ ಸ್ಟ್ಯಾಂಡಿನ ಮೇಲೆ ಇಡೋದು ಬೇಡ. ಕಟ್ಟೆಯೊಳಗೇ ಕೂರಿಸಿ ಒಂದು ಪೂರ್ತಿ ಅಡುಗೆಮನೇನೇ ಮಾಡಿಬಿಡೋಣ" ಅಂದರು. 70 ಕೆ.ಜಿ.ಗೆ ಕಡಿಮೆಯಿಲ್ಲದ ಆ ಮೊಟ್ಟೆಯನ್ನು ನಾಲ್ಕು ಜನ ಹಿಡಿದು ಎರಡು ಮಹಡಿ ಹತ್ತಿಸಿದೆವು. ಮುಚ್ಚಳ ಬಿಚ್ಚಿ ಬೇರೆಯಾಗಿ ಒಯ್ಯಬಹುದಿತ್ತೆಂದು ಹೊಳೆದದ್ದು ಮೇಲೆ ತಲುಪಿದ ಮೇಲೆ.

ನಕ್ಷೆ ಹಾಕಿದವರು ಹೊರಗಿನ ಒಬ್ಬ ವಿನ್ಯಾಸಕಾರರು, ಹೆಸರು ಬೇಡ. ಕಂಪ್ಯೂಟರಿನಲ್ಲಿ ತಾರಸಿಯನ್ನು ಸುತ್ತಲೂ ತಿರುಗಿಸಿ ತೋರಿಸಿದರು, ಸಂಜೆಯ ಬೆಳಕಲ್ಲಿ ಬೇರೆ, ರಾತ್ರಿ ದೀಪದಲ್ಲಿ ಬೇರೆ. ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ಮಾತ್ರ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕುಲುಮೆಯ ಮುಂದೆ ಬಾಳು ಕಳೆದವನಿಗೂ ಹೊಸ ಮನೆಯ ಆಸೆಯಲ್ಲಿ ಮಂಕು ಕವಿಯುತ್ತದೆ.

ಮೂರನೇ ಸಲ ಉರಿ ಹಾಕಿದ ಸಂಜೆ, ಕೋಳಿ ಇನ್ನೂ ಒಳಗೇ ಇತ್ತು, ಅಡಕತ್ತರಿಯಲ್ಲಿ ಅಡಕೆ ಒಡೆದ ಹಾಗೆ ಟಕ್ ಎಂದು ಸದ್ದಾಯಿತು. ಗ್ರಿಲ್ ಕೂರಿಸಲು ಕೊರೆದ ತೂತಿಗೂ ಕಟ್ಟೆಯ ಮುಂಭಾಗದ ಅಂಚಿಗೂ ನಡುವೆ ಕಲ್ಲು ಎರಡೂವರೆ ಅಂಗುಲವಷ್ಟೇ ಉಳಿದಿತ್ತು. ಅಲ್ಲೇ ಬಿರುಕು. ಮಾರನೆಯ ದಿನ ವಿನ್ಯಾಸಕಾರರು ಬಂದು ಬಗ್ಗಿ ನೋಡಿ, "ಬಿರುಕು ಹೊರಗಿನ ಅಂಚಿಂದ ಶುರುವಾಗಿದೆ ಸಾರ್. ಅಲ್ಲಿ ಕಲ್ಲು ತಣ್ಣಗಿರುತ್ತೆ. ಶಾಖಕ್ಕೆ ಆಗಿದ್ದಲ್ಲ, ಯಾರೋ ಏನೋ ಭಾರ ಹಾಕಿದಾರೆ" ಅಂದರು. ಅಂದು ನನ್ನ ಹೆಂಡತಿಯ ಒರಳುಕಲ್ಲಿನ ಕಡೆ ನೋಡಿದರು.

ಇಲ್ಲಿಯೇ ನನಗೆ ಹಳೆಯ ಕಸುಬು ನೆನಪಿಗೆ ಬಂದದ್ದು. ತಣ್ಣಗಿರುವ ಅಂಚಿನಿಂದ ಶುರುವಾಗಿದೆ ಎಂಬುದೇ ಅದು ಶಾಖದ ಬಿರುಕು ಎನ್ನುವುದಕ್ಕೆ ಸಾಕ್ಷಿ. ತೂತಿನ ಸುತ್ತ ಕಾದ ಕಲ್ಲು ಹಿಗ್ಗಬೇಕೆನ್ನುತ್ತದೆ, ಹೊರಗಿನ ತಣ್ಣನೆಯ ಕಲ್ಲು ಅದನ್ನು ಹಿಡಿದಿಡುತ್ತದೆ. ಒಳಗಿನದು ಒತ್ತಡದಲ್ಲಿರುತ್ತದೆ, ಹೊರಗಿನದು ಎಳೆತದಲ್ಲಿರುತ್ತದೆ. ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಡೆದೀತು, ಎಳೆತ ತಡೆಯದು. ಹಾಗಾಗಿ ಎಲ್ಲಿ ಪಟ್ಟಿ ಸಣ್ಣದೋ ಅಲ್ಲಿ, ಹೊರಗಿನಿಂದ ಒಳಕ್ಕೆ ಸೀಳುತ್ತದೆ. ಗ್ರಿಲ್ಲಿನ ಮೈಗೆ ಕಲ್ಲು ತಾಗಿಕೊಂಡಿದ್ದರಿಂದ ಶಾಖ ನೇರವಾಗಿ ಇಳಿದಿತ್ತು. ಇದನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು "ಕ್ಲೈಂಟ್ ಕೇಳಿದ್ದು ಫ್ಲಶ್ ಫಿನಿಷ್" ಅಂದರು, ಅಂದರೆ ಸಂದೇ ಕಾಣದ ಜೋಡಣೆ. ಕೇಳಿದ್ದು ಅಳಿಯ, ಹೌದು. ಆದರೆ ಗ್ರಿಲ್ಲಿನ ಪೆಟ್ಟಿಗೆಯಲ್ಲೇ ಇದ್ದ ಪುಸ್ತಕದಲ್ಲಿ ಸುತ್ತ ಎಷ್ಟು ಜಾಗ ಬಿಡಬೇಕು, ಹಿಂದೆ ಮುಚ್ಚಳದ ಕೀಲು ಆಡಲು ಎಷ್ಟು ಬೇಕು ಎಂದು ಚಿತ್ರ ಸಮೇತ ಇತ್ತು. ಓದಿದವರು ನಮ್ಮಲ್ಲಿ ಒಬ್ಬರೂ ಇಲ್ಲ.

ಈ ಒಲೆಯ ಹುಟ್ಟು ಜಪಾನಿನದು. ಅಲ್ಲಿ ಕಮಾಡೊ ಅಂದರೆ ಒಲೆ. ಅನ್ನ ಮಾಡುವ ಮಣ್ಣಿನ ಮುಶಿಕಮಾಡೊಗಳನ್ನು ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ತಮ್ಮ ದೇಶಕ್ಕೆ ಹೊತ್ತುಕೊಂಡು ಹೋದರು. 1974ರಲ್ಲಿ ಅಟ್ಲಾಂಟಾದಲ್ಲಿ ಇದನ್ನು ಮಾರಲು ಬಿಗ್ ಗ್ರೀನ್ ಎಗ್ ಕಂಪನಿ ಶುರುವಾಯಿತು. ನಮ್ಮದು ಬೇರೆ ಕಂಪನಿಯದು, ತತ್ವ ಒಂದೇ. ಕೆಳಗಿನ ಸಣ್ಣ ಬಾಗಿಲಿನಿಂದ ಗಾಳಿ ಒಳಗೆ ಬಂದು, ಇದ್ದಿಲಿನ ನಡುವೆ ಏರಿ, ಮೇಲಿನ ಟೋಪಿಯಿಂದ ಹೊರಗೆ ಹೋಗುತ್ತದೆ. ಗೋಡೆ ದಪ್ಪ, ಶಾಖ ಹೊರಗೆ ಸೋರುವುದು ಕಡಿಮೆ, ಹಾಗಾಗಿ ಸ್ವಲ್ಪವೇ ಗಾಳಿ ಸಾಕು. ಗಾಳಿ ಕಡಿಮೆ ಆಡುವುದರಿಂದ ಮಾಂಸ ಒಣಗುವುದಿಲ್ಲ. ಎರಡು ಬಾಗಿಲನ್ನೂ ಕೂದಲೆಳೆಯಷ್ಟು ತೆರೆದರೆ 110 ಡಿಗ್ರಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ, ಪೂರ್ತಿ ತೆರೆದರೆ 350 ದಾಟುತ್ತದೆ. ಎರಡನ್ನೂ ಮುಚ್ಚಿದರೆ ಬೆಂಕಿ ಸತ್ತು, ಉಳಿದ ಇದ್ದಿಲು ನಾಳೆಗೆ. ನನ್ನ ಹೆಂಡತಿ ಐದು ನಿಮಿಷ ನೋಡಿ, "ನಮ್ಮೂರ ಬಚ್ಚಲ ಹಂಡೆ ಒಲೆ ಬಾಯಿಗೆ ಹೆಂಚಿನ ಚೂರು ಅಡ್ಡ ಇಡ್ತಿದ್ವಲ್ಲ, ಅದೇ ತಾನೆ" ಅಂದಳು. ಅದೇ.

ಅದೇ 1974ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ) ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ವಿಭಾಗ ಶುರುಮಾಡಿದರು. ಅಲ್ಲಿಂದ ಬಂದ ಅಸ್ತ್ರ ಒಲೆ, ಮೂರು ಪಾತ್ರೆ, ಕೆಳಗೆ ಜಾಲರಿ, ಮೇಲೆ ಹೊಗೆ ಕೊಳವೆ, ಮಳವಳ್ಳಿ ಕಡೆಯ ನಮ್ಮಮ್ಮನ ಅಡುಗೆಮನೆಗೂ ಬಂತು. ಒಳಗೆ ಹೋಗುವ ಗಾಳಿಗೆ ಕಡಿವಾಣ ಹಾಕುತ್ತಿದ್ದ ಅದರ ಉರಿಬಾಯಿಯ ಮುಚ್ಚಳವನ್ನು ಉದ್ದ ಸೌದೆ ತುರುಕಲು ಅಡ್ಡಿಯೆಂದು ನಮ್ಮಮ್ಮ ಎರಡನೇ ವಾರವೇ ಕಿತ್ತು ಹಿತ್ತಲಿಗೆ ಎಸೆದಳು. ಆಮೇಲೆ ಸೌದೆ ಮೊದಲಿನಷ್ಟೇ ಬೇಕಾಯಿತು, ಬೈಗುಳ ಇನ್‌ಸ್ಟಿಟ್ಯೂಟಿನವರಿಗೆ. ಒಲೆ ಕಟ್ಟುವವರು ಮೊದಲು ಗಾಳಿಯ ದಾರಿ ಬರೆಯಬೇಕು, ಕಲ್ಲು ಆಮೇಲೆ ಎಂದು ನಾನು ಹೇಳುತ್ತಿರುವುದು ಇದಕ್ಕೇ. ನಿಮ್ಮ ಚಿತ್ರದಲ್ಲಿ ಕಲ್ಲು ಮಾತ್ರ ಇದೆ. ಕೆಳಬಾಗಿಲು ಕಲ್ಲಿನ ಹಿಂದೆ ಅವಿತಿದ್ದರೆ ಗಾಳಿ ಎಲ್ಲಿಂದ, ಬೂದಿ ಎಲ್ಲಿಂದ ಎಳೆಯುವುದು?

ಎರಡನೇ ಸಲ ಕಟ್ಟಿದ್ದು ನಾನೂ ಒಬ್ಬ ಹಳೆಯ ಮೇಸ್ತ್ರಿಯೂ. ಮೊದಲ ಕಟ್ಟೆ ಒಡೆಯುವಾಗ ಇನ್ನೊಂದು ಗುಟ್ಟು ಹೊರಬಿತ್ತು. ಒಳಗೆ ಟೊಳ್ಳು ಬಿಟ್ಟು ಕಟ್ಟುತ್ತೇವೆಂದವರು ಸಂದಿಗೊಂದಿಗೆಲ್ಲ ಇಟ್ಟಿಗೆ, ಗಾರೆ, ಒಡೆದ ಟೈಲ್ಸು ತುಂಬಿದ್ದರು. ಲೆಕ್ಕ ಹಾಕಿ ನೋಡಿ: 2.4 ಮೀಟರ್ ಉದ್ದ, 0.6 ಅಗಲ, 0.8 ಎತ್ತರದ ಗಟ್ಟಿ ಇಟ್ಟಿಗೆ ಕಟ್ಟೆ ಎರಡು ಟನ್ ಮೀರುತ್ತದೆ. ಅಂದರೆ ಕಟ್ಟೆಯ ಕೆಳಗೆ ಪ್ರತಿ ಚದರ ಮೀಟರಿಗೆ ಸುಮಾರು 1,500 ಕೆ.ಜಿ. ಜನ ಓಡಾಡುವ ತಾರಸಿಗೆ ಕಟ್ಟಡಗಳ ಭಾರದ ಭಾರತೀಯ ಮಾನಕ ಐಎಸ್ 875 ಹೇಳುವ ಭಾರ ಸುಮಾರು 150 ಕೆ.ಜಿ. ಹತ್ತು ಪಟ್ಟು! ನಮ್ಮ ಸ್ಲ್ಯಾಬ್ ಬಿದ್ದಿಲ್ಲ, ನಿಜ. ಆದರೆ ಕೆಳಗಿನ ಮಲಗುವ ಕೋಣೆಯ ಚಾವಣಿಯಲ್ಲಿ ಒಂದು ಗೆರೆ ಕಾಣಿಸಿಕೊಂಡಿತು. ಆ ಗೆರೆ ಮೊದಲೇ ಇತ್ತೆಂದು ಅಳಿಯ ಈಗಲೂ ವಾದಿಸುತ್ತಾರೆ. ನಾನು ಎಂಜಿನಿಯರ್ ಒಬ್ಬರನ್ನು ಕರೆಸಿ ಬೀಮ್ ಎಲ್ಲೆಲ್ಲಿ ಹೋಗಿದೆ ಎಂದು ಚಾಕ್‌ಪೀಸಿನಲ್ಲಿ ಗೆರೆ ಎಳೆಸಿಕೊಂಡೆ. ಹೊಸ ಕಟ್ಟೆಗೆ ಇಟ್ಟಿಗೆ ಇಲ್ಲ. ಕಬ್ಬಿಣದ ಆ್ಯಂಗಲ್ ಚೌಕಟ್ಟು, ಮೈಗೆ ಸಿಮೆಂಟ್ ಬೋರ್ಡ್, ಕಾಲುಗಳು ಬೀಮಿನ ಮೇಲೆ. ಕಾಲಿನ ಕೆಳಗೆ ಅಗಲ ಪ್ಲೇಟು ಇಟ್ಟಿದ್ದೇವೆ, ವಾಟರ್‌ಪ್ರೂಫಿಂಗ್ ತೂತು ಮಾಡಿ ಬೋಲ್ಟ್ ಹೊಡೆದಿಲ್ಲ.

ಮೇಲೆ ಕಪ್ಪು ಗ್ರಾನೈಟ್ ಬದಲು ಬೂದು ಬಣ್ಣದ ಸಾದರಹಳ್ಳಿ ಕಲ್ಲು. ಏಪ್ರಿಲ್ ಮಧ್ಯಾಹ್ನ ಕಪ್ಪು ಕಲ್ಲಿನ ಮೇಲೆ ಕೈಯಿಟ್ಟು ನೋಡಿದವರಿಗೆ ಕಾರಣ ಬೇಕಿಲ್ಲ. ಒಂದೇ ಹಾಸುಗಲ್ಲಿಗೆ ತೂತು ಕೊರೆಯದೆ ಎರಡು ತುಂಡು ಮಾಡಿ, ಅರ್ಧ ಚಂದ್ರ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ, ನಡುವೆ ಒಂದು ಸಂದು ಬಿಡಿಸಿದೆ. ಕಾದರೆ ಎರಡೂ ತಮ್ಮ ಪಾಡಿಗೆ ಹಿಗ್ಗಲಿ. ಗ್ರಿಲ್ಲಿನ ಸುತ್ತ ಪೂರ್ತಿ ಒಂದು ಅಂಗುಲ ಖಾಲಿ. ಅದು ಕೂತಿರುವುದು ಒಳಗಿನ ತಗ್ಗಿನ ಹಲಗೆಗಲ್ಲಿನ ಮೇಲೆ, ತನ್ನದೇ ಕಬ್ಬಿಣದ ಕಾಲಿನ ಮೇಲೆ. ಕಟ್ಟೆಯ ಕಲ್ಲು ಅದನ್ನು ಎಲ್ಲಿಯೂ ಮುಟ್ಟುವುದಿಲ್ಲ. ಮುಂದೆ ಗಾಳಿಬಾಗಿಲ ಎದುರು ಗೂಡು ತೆರೆದೇ ಇದೆ, ತಗಡಿನ ಬಕೆಟ್ ಹಿಡಿದು ಬೂದಿ ಎಳೆಯಬಹುದು. ನೋಡಲು ಏನೂ ಚೊಕ್ಕವಾಗಿಲ್ಲ. ಆ ಒಂದಂಗುಲ ಸಂದಿಗೆ ಕರಿಬೇವಿನ ಎಲೆ ಬೀಳುತ್ತದೆ, ನಮ್ಮಾಕೆ ಕಡ್ಡಿ ಹಿಡಿದು ತೆಗೆಯುತ್ತಾಳೆ, ನನ್ನನ್ನು ಒಂದು ಮಾತು ಅಂದು.

ಕಟ್ಟೆಯ ಎತ್ತರ 32 ಅಂಗುಲಕ್ಕೆ ಇಳಿಸಿದ್ದು ಅವಳ ತೀರ್ಮಾನ. ವಿನ್ಯಾಸಕಾರರು 36 ಇಟ್ಟಿದ್ದರು. ಐದಡಿ ಒಂದಂಗುಲದವಳು ಜಾಲರಿಯೊಳಗೆ ಇಣುಕಲು ಮಣೆ ಹಾಕಿಕೊಳ್ಳಬೇಕಿತ್ತು. ಕೆಂಡದ ಮುಂದೆ ಮಣೆಯ ಮೇಲೆ ನಿಲ್ಲುವುದೆಂದರೇನು? ಗ್ರಿಲ್ಲಿನ ಬಲಗಡೆ ಎರಡಡಿ ಜಾಗ ಖಾಲಿ ಬಿಡಿಸಿದ್ದೂ ಅವಳೇ, ಬಿಸಿ ಜಾಲರಿ ಇಳಿಸಲು. ಮೊದಲ ನಕ್ಷೆಯಲ್ಲಿ ಆ ಜಾಗದಲ್ಲಿ ಹೂಕುಂಡ ಇತ್ತು.

ಗಾಳಿಯ ಮಾತು. ನಮ್ಮೂರಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ, ಚಳಿಗಾಲಕ್ಕೆ ಮೂಡಣ. ಆಷಾಢದಲ್ಲಿ ನಮ್ಮ ಹೊಗೆ ಪೂರ್ವದ ಮನೆಯವರ ಒಣಹಾಕಿದ ಬಟ್ಟೆಗೆ, ಧನುರ್ಮಾಸದಲ್ಲಿ ಪಶ್ಚಿಮದ ಮನೆಯವರ ಕಿಟಕಿಗೆ. ಬೇಸಿಗೆಯಲ್ಲಿ ಸಂಡಿಗೆ ಹಪ್ಪಳ ಒಣಗಿಸುವ ದಿನ ನಾವು ಕೇಳಿಕೊಂಡೇ ಹಚ್ಚುತ್ತೇವೆ. ಇದ್ದಿಲು ಹತ್ತಿಕೊಳ್ಳುವ ಮೊದಲ ಹದಿನೈದು ನಿಮಿಷವೇ ಹೊಗೆ, ಆಮೇಲೆ ಅಷ್ಟಿಲ್ಲ. ಸೀಮೆಎಣ್ಣೆ ಸುರಿದು ಹಚ್ಚಬಾರದು, ಸೆರಾಮಿಕ್ ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ಊಟಕ್ಕೆ ವಾಸನೆ ಕೊಡುತ್ತದೆ. ಮೊದಲೆರಡು ಸಲ ನಾನು ಬೀದಿಯ ಇಸ್ತ್ರಿಯವರ ಹತ್ತಿರ ಇದ್ದಿಲು ಕೊಂಡಿದ್ದೆ. ಪುಡಿ ಜಾಸ್ತಿ, ಜಾಲರಿ ಕಟ್ಟಿಕೊಂಡು ಉರಿ ಏಳಲೇ ಇಲ್ಲ. ಮುಷ್ಟಿ ಗಾತ್ರದ ಗಟ್ಟಿ ತುಂಡುಗಳೇ ಬೇಕು.

ನಿಮ್ಮ ಬರಹದಲ್ಲಿ "ಮಳೆಗಾಲಕ್ಕೆ ಸುತ್ತ ಪಾರದರ್ಶಕ ಶೀಟು ಹಾಕಿಸಿಕೊಂಡರೆ ವರ್ಷವಿಡೀ ಬಳಸಬಹುದು" ಎಂಬ ಒಂದು ಸಾಲಿದೆ. ಸಂಪಾದಕರೆ, ಉಳಿದದ್ದನ್ನೆಲ್ಲ ಬಿಟ್ಟರೂ ಈ ಸಾಲಿಗೆ ತಿದ್ದುಪಡಿ ಹಾಕಲೇಬೇಕು. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಫೌಂಡ್ರಿಯಲ್ಲಿ ಕುಲುಮೆಯ ಹಿಂದೆ ತಲೆಸುತ್ತಿ ಕೂತುಬಿಟ್ಟ ಹುಡುಗನನ್ನು ಎತ್ತಿಕೊಂಡು ಹೊರಗೆ ಓಡಿದವನು ನಾನು. ನಾಲ್ಕೂ ಕಡೆ ಶೀಟು ಕಟ್ಟಿದ ತಾರಸಿ ಹೊರಾಂಗಣವಲ್ಲ, ಅದು ಕೋಣೆ. ಕೋಣೆಯಲ್ಲಿ ಈ ಒಲೆ ಹಚ್ಚಬಾರದು. ನಾವು ಮೇಲೆ ಮಾತ್ರ ತಗಡು ಹಾಕಿಸಿ ನಾಲ್ಕೂ ಕಡೆ ತೆರೆದಿಟ್ಟಿದ್ದೇವೆ. ಸೆಪ್ಟೆಂಬರಿನ ಮಳೆ ಅಡ್ಡ ಹೊಡೆದ ದಿನ ಒಳಗಿನ ಗ್ಯಾಸ್ ಒಲೆಯಲ್ಲೇ ಅಡುಗೆ.

ಮಳೆಗಾಲ ಮುಗಿದ ಮೇಲೆ ಮೊದಲ ಸಲ ಹಚ್ಚುವಾಗ ಒಂದು ಗಂಟೆ ಸಣ್ಣ ಉರಿ. ಸೆರಾಮಿಕ್ ಹೀರಿದ ತೇವ ನಿಧಾನ ಹೋಗಲಿ. ಎರಕದ ಅಚ್ಚು ಒಣಗಿಸದೆ ಲೋಹ ಸುರಿದರೆ ಏನಾಗುತ್ತದೆಂದು ಬಲ್ಲವನು ಇದನ್ನು ಮರೆಯಲಾರ. ಬೂದಿ ಒಳಗೇ ಬಿಟ್ಟರೆ ನೀರು ಸೇರಿ ಕೆಸರಾಗಿ ಗಾಳಿಬಾಗಿಲು ಹಿಡಿದುಕೊಳ್ಳುತ್ತದೆ, ಒಂದು ವರ್ಷ ಅದೂ ಆಯಿತು. ಇನ್ನೊಂದು, ಮುಚ್ಚಳವನ್ನು ಒಮ್ಮೆಲೇ ಎತ್ತಬಾರದು. ಗಾಳಿಗೆ ಹಸಿದ ಕೆಂಡಕ್ಕೆ ಥಟ್ಟನೆ ಗಾಳಿ ಸಿಕ್ಕರೆ ಜ್ವಾಲೆ ಮುಖಕ್ಕೇ ಹಾಯುತ್ತದೆ. ಎರಡು ಅಂಗುಲ ಎತ್ತಿ, ಒಂದೆರಡು ಉಸಿರಿನಷ್ಟು ಹೊತ್ತು ಕಾದು, ಆಮೇಲೆ ಪೂರ್ತಿ ತೆರೆಯಬೇಕು. ಅಳಿಯನ ಹುಬ್ಬು ಈಗ ಬೆಳೆದಿದೆ. ನಿಮ್ಮ ಚಿತ್ರದ ಯುವಕನ ತಲೆಯ ಮೇಲೆ ಒಣಮರದ ಚಪ್ಪರ ಇರುವುದರಿಂದ ಅವರಿಗೆ ಇದನ್ನು ಯಾರಾದರೂ ತಿಳಿಸಬೇಕು.

ಇಷ್ಟೆಲ್ಲ ಬರೆದದ್ದು ಒಲೆ ಬೇಡವೆಂದಲ್ಲ. ಬದನೆಕಾಯನ್ನು ಕೆಂಡದ ಪಕ್ಕದಲ್ಲಿ ಸುಟ್ಟು ಸಿಪ್ಪೆ ಸುಲಿದು ಮಾಡಿದ ಗೊಜ್ಜು, ಉರಿ ಮುಚ್ಚಿದ ಮೇಲೆ ಉಳಿದ ಶಾಖದಲ್ಲಿ ರಾತ್ರಿಯಿಡೀ ಬೆಂದ ಗೆಣಸು, ನಾಟಿ ಕೋಳಿ, ಇವನ್ನು ತಿಂದವರು ನಮ್ಮ ಬೀದಿಯಲ್ಲಿ ಸಾಕಷ್ಟು ಜನ ಇದ್ದಾರೆ. ಪೂರ್ವದ ಮನೆಯವರೂ ಇದ್ದಾರೆ.

ನನ್ನ ಕಟ್ಟೆಯ ಅಡ್ಡಕೊಯ್ತದ ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಗಾಳಿ ಬರುವ ದಾರಿಯನ್ನು ಕೆಂಪು ಪೆನ್ಸಿಲ್‌ನಲ್ಲಿ ತೋರಿಸಿದ್ದೇನೆ. ಮುಂದಿನ ಪುರವಣಿಯಲ್ಲಿ ಆ ಬಣ್ಣದ ಚಿತ್ರದ ಕಾಲು ಭಾಗದಷ್ಟು ಜಾಗ ಕೊಟ್ಟರೆ ಸಾಕು. ಜಾಗ ಸಾಲದಿದ್ದರೆ ಪತ್ರವನ್ನು ಎಷ್ಟು ಬೇಕಾದರೂ ಕತ್ತರಿಸಿ, ನಕ್ಷೆಯ ಅಳತೆಗಳನ್ನು ಮಾತ್ರ ಬಿಡಬೇಡಿ.

ಇತಿ,
ಫೌಂಡ್ರಿಯ ನಿವೃತ್ತ ಮೇಲ್ವಿಚಾರಕ
ನಂದಿನಿ ಬಡಾವಣೆ, ಬೆಂಗಳೂರು