ಮಗಳಿಗೊಂದು ಪತ್ರ: ಗಿಡ್ಡ ಮೆಟ್ಟಿಲು

ಪುಟ್ಟಿ,

ಹೇಗಿದ್ದೀಯ? ನಾವಿಬ್ಬರೂ ಆರಾಮಾಗಿದ್ದೇವೆ. ನನ್ನ ಮಂಡಿ ನೋವು ಮಾತ್ರ ಹಾಗೇ ಇದೆ.

ಹೋದ ವರ್ಷ ವಾಷಿಂಗ್ಟನ್‌ನಲ್ಲಿ ಒಂದು ಕೆಂಪು ಇಟ್ಟಿಗೆಯ ಕಟ್ಟಡಕ್ಕೆ ಕರೆದುಕೊಂಡು ಹೋಗಿದ್ದೆಯಲ್ಲ, ನ್ಯಾಷನಲ್ ಬಿಲ್ಡಿಂಗ್ ಮ್ಯೂಸಿಯಂ. ಅಲ್ಲಿ ನಾನು ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿದ್ದು ನೋಡಿ ಅಮ್ಮ, "ಅಮೆರಿಕದ ಗಾಳಿಗೆ ಮಂಡಿ ಸರಿಹೋಯ್ತಾ?" ಅಂತ ನಕ್ಕಿದ್ದಳು. ಕಾರಣ ಈಗ ಗೊತ್ತಾಯಿತು. ಅದು ಪಿಂಚಣಿ ಕಚೇರಿಗೆ ಅಂತಲೇ ಕಟ್ಟಿದ್ದು, 1887ರಲ್ಲಿ ಮುಗಿಯಿತು. 1861ರಿಂದ 65ರವರೆಗೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳು ಹತ್ತಬೇಕಲ್ಲ, ಅದಕ್ಕೇ ಮೆಟ್ಟಿಲು ಗಿಡ್ಡ. ಕಟ್ಟಿಸಿದವನು ಸೈನ್ಯದ ಎಂಜಿನಿಯರ್ ಮಾಂಟ್‌ಗೊಮೆರಿ ಮೇಗ್ಸ್. ಅವನ ಮಗನೂ ಆ ಯುದ್ಧದಲ್ಲೇ ಸತ್ತಿದ್ದ.

ಮೆಟ್ಟಿಲೇನೋ ಸುಲಭ. ಪಿಂಚಣಿ ಸುಲಭ ಇರಲಿಲ್ಲ. 1862ರ ಕಾನೂನಿನಲ್ಲಿ, ದುಡಿಯುವ ಶಕ್ತಿಯನ್ನೇ ಕಳೆದುಕೊಂಡ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 8 ಡಾಲರ್. ಲೆಫ್ಟಿನೆಂಟ್ ಕರ್ನಲ್‌ಗೆ 30. ಇದು ಉತ್ತರದ ಸೈನ್ಯದವರಿಗೆ ಮಾತ್ರ. ಸೇವೆಯಲ್ಲಿದ್ದಾಗಲೇ ಹೀಗಾಯಿತು ಅಂತ ಅವನೇ ಸಾಬೀತು ಮಾಡಬೇಕು. ಡಾಕ್ಟರ ಸರ್ಟಿಫಿಕೇಟು, ಅಧಿಕಾರಿಯದೋ ಜೊತೆಗಾರರದೋ ಅಫಿಡವಿಟ್ಟು. ಅವರೆಲ್ಲ ಸತ್ತಿದ್ದರೆ? ಗುಂಡೇಟಿಗಾದರೂ ಕಲೆ ಇರುತ್ತದೆ. ಶಿಬಿರದಲ್ಲಿ ಅಂಟಿದ ಭೇದಿಗೆ, ಕೀಲುನೋವಿಗೆ ಏನು ತೋರಿಸೋದು? ಡಾಕ್ಟರುಗಳು ಪರೀಕ್ಷೆ ಮಾಡಿ, ಇವನ ನೋವು ಹದಿನೆಂಟರಲ್ಲಿ ಆರು ಪಾಲು ಅಂತ ಬರೆಯುತ್ತಿದ್ದರಂತೆ!

ಸುಮಾರು 1,80,000 ಕಪ್ಪು ಸಿಪಾಯಿಗಳ ಪಾಡು ಇನ್ನೂ ಕಷ್ಟ. ಗುಲಾಮರಾಗಿ ಹುಟ್ಟಿದವರಿಗೆ ಹುಟ್ಟಿದ ದಿನದ ದಾಖಲೆ ಎಲ್ಲಿಂದ ಬರಬೇಕು? ಬಿಡುಗಡೆಯಾದ ಮೇಲೆ ಎಷ್ಟೋ ಜನ ಹೆಸರನ್ನೇ ಬದಲಿಸಿಕೊಂಡಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಕಪ್ಪು ಹೆಂಗಸು ಹ್ಯಾರಿಯೆಟ್ ಟಬ್‌ಮನ್ ಯುದ್ಧದಲ್ಲಿ ನರ್ಸಾಗಿ, ಗೂಢಚಾರಿಣಿಯಾಗಿ ದುಡಿದವಳು. ಅವಳಿಗೆ ಮೊದಲು ಸಿಕ್ಕಿದ್ದು ಸಿಪಾಯಿಯ ವಿಧವೆ ಅಂತ 8 ಡಾಲರ್. ಅದು 20 ಆಗಲು 1899 ಬರಬೇಕಾಯಿತು.

ಗಾಯ ಸೇವೆಯಲ್ಲೇ ಆಗಿರಬೇಕು ಅನ್ನುವ ಹಟ ಸಡಿಲವಾಗಿದ್ದು 1890ರಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದು ಇಪ್ಪತ್ತೈದು ವರ್ಷ!

ಇದನ್ನೆಲ್ಲ ಓದುವಾಗ ಒಬ್ಬರು ನೆನಪಾದರು. ನಿನಗೆ ಯಾವತ್ತೂ ಹೇಳಿಲ್ಲ. ನಾನೂ ಪಿಂಚಣಿ ಕಡತ ನೋಡುತ್ತಿದ್ದವನೇ ಅಲ್ವಾ? ಒಬ್ಬ ಅಜ್ಜನ ಹೆಸರು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇತ್ತು. ಮೂರು ಸಲ ವಾಪಸ್ ಕಳಿಸಿದೆ. ನಿಯಮ ನನ್ನ ಕಡೆಗಿತ್ತು. ನಮ್ಮ ವಿಭಾಗ ಮಹಡಿ ಮೇಲೆ. ಆ ಮೆಟ್ಟಿಲು ಎಷ್ಟು ಕಡಿದು ಅಂದರೆ ನಾವೇ ಏದುಸಿರು ಬಿಡುತ್ತಿದ್ದೆವು. ಅವರು ಮೂರು ಸಲವೂ ಹತ್ತಿ ಬಂದರು. ಕಾಗದ ತೆಗೆದುಕೊಂಡು ಕೆಳಗಿಳಿದು ಹೋಗಬೇಕು ಅಂತ ನನಗೆ ಒಂದು ಸಲವೂ ಹೊಳೆಯಲಿಲ್ಲ.

ಇರಲಿ, ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಮನೆ ಮುಂದಿನ ಮೆಟ್ಟಿಲು ಒಡೆಸಿ ಹೊಸದಾಗಿ ಕಟ್ಟಿಸುತ್ತಿದ್ದೇನೆ. ಮೇಸ್ತ್ರಿ ಎಂಟು ಇಂಚು ಅನ್ನುತ್ತಿದ್ದಾನೆ. ನೀನು ಆ ಮ್ಯೂಸಿಯಂ ಕಡೆ ಹೋದಾಗ ಟೇಪು ಹಿಡಿದು ಅಲ್ಲಿನ ಒಂದು ಮೆಟ್ಟಿಲಿನ ಎತ್ತರ, ಅಗಲ ಅಳೆದು ವಾಟ್ಸಾಪ್ ಮಾಡು. ಅಲ್ಲಿಯವರೆಗೆ ಕೆಲಸ ನಿಲ್ಲಿಸಿರುತ್ತೇನೆ.

ನಿನ್ನ ಅಪ್ಪ