ಬ್ಯಾಗಿನ ಮುಂದಿನ ಜೇಬಲ್ಲಿಟ್ಟ ಕಾಗದ

ಪುಟ್ಟಿ,

ಭಾನುವಾರದ ಜಗಳ ಮತ್ತೆ ತೆಗೆಯೋದಿಲ್ಲ. ನೀನು ಬಿಟ್ಟುಹೋದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪನ್ನು ಇವತ್ತು ರಾತ್ರಿ ಹುಬ್ಬಳ್ಳಿ ಬಸ್ಸಿಗೆ ಪಾರ್ಸೆಲ್ ಹಾಕ್ತಿದ್ದೀನಿ.

ಅಳಿಸಿಹೋದ ನಿನ್ನ ತೆಂಗಿನ ರಿಪೋರ್ಟ್ ಬಗ್ಗೆ ಫೋನಲ್ಲಿ "ಹುಡುಕಿದೆ, ಸಿಗಲಿಲ್ಲ" ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಹುಡುಕೋದನ್ನು ಅರ್ಧಕ್ಕೆ ನಿಲ್ಲಿಸಿದವಳು ನಾನೇ.

ವಿಂಡೋಸ್ ತೆಗೆದು ಅದರ ಬದಲು ಲಿನಕ್ಸ್ ಮಿಂಟ್ ಅನ್ನೋ ಸಿಸ್ಟಮ್ ಹಾಕಿದ್ದು ತಪ್ಪು ಅಂತ ಈಗಲೂ ಒಪ್ಪೋದಿಲ್ಲ. ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು. ಹನ್ನೊಂದಕ್ಕೆ ಇಂಟೆಲ್‌ನಲ್ಲಾದರೆ 8ನೇ ಜನರೇಶನ್ ಪ್ರೊಸೆಸರ್ ಬೇಕು, ನಿನ್ನದು 5ನೇದು. ಮೇಲಿಂದ ಅದನ್ನು ಮಾರಿದ ಅಂಗಡಿಯವನು ಹಾಕಿಕೊಟ್ಟಿದ್ದು ಕ್ರ್ಯಾಕ್ ಮಾಡಿದ್ದು. ತಪ್ಪಾಗಿದ್ದು ಬೇರೆ ಕಡೆ. ಡಾಕ್ಯುಮೆಂಟ್ಸ್ ಫೋಲ್ಡರ್ ಕಾಪಿ ಮಾಡಿಕೊಂಡೆ, ನಿನ್ನ ರಿಪೋರ್ಟ್ ಇದ್ದ ಡೆಸ್ಕ್‌ಟಾಪ್ ಮರೆತೆ. ಇಡೀ ಡಿಸ್ಕ್ ಅಳಿಸಿ ಮಿಂಟ್ ಹಾಕೋದಾ ಅಂತ ಕೇಳಿತು, ಹೂಂ ಅಂದೆ. ದಿನಾ ಗಿರಾಕಿಗಳಿಗೆ "ಸೇವ್ ಮಾಡಿದ್ರಾ ಸಾರ್" ಅಂತ ಕೇಳೋ ನಾನು, ನಿನ್ನನ್ನು ಒಂದು ಮಾತು ಕೇಳಲಿಲ್ಲ.

ನೀನು ಹೋದಮೇಲೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಫೋಟೋರೆಕ್ ಓಡಿಸಿದೆ. ಅದು ಅಳಿಸಿದ ಫೈಲುಗಳನ್ನು ಹೆಕ್ಕಿ ತರುತ್ತೆ, ಹೆಸರು ಮಾತ್ರ ಉಳಿಯೋದಿಲ್ಲ. ಒಂದೊಂದನ್ನೂ ತೆಗೆದು ನೋಡಬೇಕು. ನಿನ್ನ ರಿಪೋರ್ಟಿನ ಕಪ್ಪುತಲೆ ಹುಳು, ತೆಂಗಿನ ಗರಿ ಎಲ್ಲಾದರೂ ಕಾಣುತ್ತಾ ಅಂತ ನೋಡ್ತಾ ಕೂತೆ. ಬಂದಿದ್ದು ಬೇರೆ ಯಾರದೋ ಮಗಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್, ಅಪ್ಪನ ಪಕ್ಕ ನಿಂತ ಒಂದು ಫೋಟೋ. ಹಳದಿ ಚೂಡಿದಾರ. ಆಮೇಲೆ ಕನ್ನಡಿ ಮುಂದೆ ಒಬ್ಬಳೇ ತೆಗೆದುಕೊಂಡವು. ನಾನು ಎರಡೇ ನೋಡಿದ್ದು ಪುಟ್ಟಿ, ದೇವರಾಣೆ ಎರಡೇ. ಆದರೆ ಇನ್ನೂ ಎಷ್ಟು ಇವೆ ಅನ್ನೋ ಲೆಕ್ಕ ಸ್ಕ್ರೀನ್ ಮೇಲೆ ಏರುತ್ತಲೇ ಇತ್ತು.

ಆ ಹುಡುಗಿಯೂ ಮಾರುವಾಗ ಫಾರ್ಮ್ಯಾಟ್ ಮಾಡಿಸಿರಬೇಕು. ಸುಮ್ಮನೆ ಬೇಗ ಹೊಡೆಯೋ ಫಾರ್ಮ್ಯಾಟ್ ಅಂದರೆ ಖಾತೆ ರಿಜಿಸ್ಟರಿನಲ್ಲಿ ಹೆಸರು ಹೊಡೆದುಹಾಕಿದ ಹಾಗೆ, ಮನೆ ಅಲ್ಲೇ ನಿಂತಿರುತ್ತೆ. ಅದರ ಮೇಲೆ ಇನ್ನೊಬ್ಬರು ಕಟ್ಟೋವರೆಗೂ ನಿಂತಿರುತ್ತೆ.

ಇದು ನನಗೆ 2019ರಲ್ಲಿ ಗೊತ್ತಿರಲಿಲ್ಲ. ಅಂಗಡಿಯ ಹಳೇ ಕಂಪ್ಯೂಟರನ್ನು ಗುಜರಿಯವನಿಗೆ ಕೊಟ್ಟೆನಲ್ಲ, ಬರೀ ಫಾರ್ಮ್ಯಾಟ್ ಹೊಡೆದು ಕೊಟ್ಟೆ. ನಿನ್ನ ಏಳನೇ ಕ್ಲಾಸಿನವರೆಗಿನ ಫೋಟೋ ಎಲ್ಲಾ ಅದರಲ್ಲಿದ್ದವು. ಕೆರೆ ಏರಿ ಮೇಲೆ ಲಂಗ ಎತ್ತಿ ಹಿಡಿದು ನಿಂತಿದ್ದು, ಸ್ನಾನದ್ದು ಕೂಡ. ತಾಲ್ಲೂಕು ಕಚೇರಿಗೆ ಅರ್ಜಿ ಬರೆಸೋಕೆ ಬಂದ ವಿಧವೆಯರ ಆಧಾರ್, ಪಾಸ್‌ಬುಕ್ಕು, ಎಷ್ಟೋ ನೂರು. ಅವರು ನನ್ನನ್ನು ನಂಬಿ ಕೊಟ್ಟಿದ್ದು. ಆ ಡಿಸ್ಕ್ ಯಾರ ಮೇಜಿನ ಮೇಲಿದೆಯೋ. ಯಾವ ಅಮ್ಮ ನೋಡ್ತಾ ಕೂತಿದ್ದಾಳೋ. ಅಮ್ಮನೇ ಆಗಿರಬೇಕು ಅಂತೇನೂ ಇಲ್ಲವಲ್ಲ. ಅದನ್ನು ಯೋಚಿಸಿ ಮೂರು ರಾತ್ರಿ ನಿದ್ದೆ ಇಲ್ಲ.

ಅದಕ್ಕೇ ನಿಲ್ಲಿಸಿದೆ. ಹೆಕ್ಕಿದ್ದನ್ನೆಲ್ಲಾ ಅಳಿಸಿ, ಹಳೇದು ಮತ್ತೆ ಯಾರಿಗೂ ಸಿಗದ ಹಾಗೆ ಆ 500 ಜಿಬಿ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಸಿದೆ. ಹತ್ತಿರ ಹತ್ತಿರ ಎರಡು ಗಂಟೆ ಹಿಡೀತು. ಅವಳದ್ದರ ಜೊತೆ ನಿನ್ನ ರಿಪೋರ್ಟೂ ಹೋಯಿತು. ಇನ್ನೊಂದು ಗಂಟೆ ಓಡಿಸಿದ್ದರೆ ಸಿಗುತ್ತಿತ್ತೇನೋ. ನಿನಗೆ ಫೋನ್ ಮಾಡಿ ಕೇಳಬಹುದಿತ್ತು. ನೀನು ಬೇಡ ಅಂತೀಯ ಅಂತ ಹೆದರಿ ಕೇಳಲಿಲ್ಲ. ಇದನ್ನು ಕ್ಷಮಿಸು.

ಮತ್ತೆ ಮಿಂಟ್ ಹಾಕಿದ್ದೀನಿ, ಈ ಸಲ ಇಡೀ ಡಿಸ್ಕಿಗೆ ಎನ್‌ಕ್ರಿಪ್ಷನ್ ಇದೆ. ಯಾರು ಕದ್ದರೂ ಓದೋಕೆ ಆಗೋದಿಲ್ಲ. ಪಾಸ್‌ವರ್ಡ್ ಮರೆತರೆ ನಿನಗೂ ಆಗೋದಿಲ್ಲ. ಟೈಮ್‌ಶಿಫ್ಟ್ ಇದೆ ಅಂತ ನಂಬಿ ಕೂರಬೇಡ, ಅದು ಉಳಿಸೋದು ಸಿಸ್ಟಮ್ಮನ್ನು, ನಿನ್ನ ಫೈಲುಗಳನ್ನಲ್ಲ. ಬ್ಯಾಕಪ್ ಪೆನ್‌ಡ್ರೈವಿಗೆ ಒಂದು, ಮೇಲ್‌ಗೆ ಒಂದು. ಆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡೋ ಮುಂಚೆ ನನಗೆ ತಂದು ತೋರಿಸು. ಕನ್ನಡಿ ಮುಂದೆ ಫೋಟೋ ತೆಗೀಬೇಡ ಅನ್ನೋದಿಲ್ಲ, ಆದರೆ... ಶುರುವಾಯ್ತು ಅಮ್ಮಂದು ಅಂತೀಯ. ಬಿಡು.

ಕನ್ನಡ ಟೈಪ್ ಮಾಡೋ ನುಡಿ ತಂತ್ರಾಂಶ ಇಲ್ಲ ಅಂತ ಕೂಗಾಡಿದೆಯಲ್ಲ, ಅದರಲ್ಲಿರೋ ಕೆ.ಪಿ. ರಾವ್ ಅವರ ಕೀಲಿಮಣೆ ಮಿಂಟ್‌ನಲ್ಲೂ ಇದೆ, ಕಗಪ ಅನ್ನೋ ಹೆಸರಲ್ಲಿ. ಈ ಕಾಗದ ಅದರಲ್ಲೇ ಹೊಡೆದಿದ್ದು. ನೀನು ಸರ್ವೆ ಮಾಡಿದ 40 ತೋಟದ ಹಾಳೆ ಇಲ್ಲೇ ಬಿಟ್ಟಿದ್ದೀಯ. 26 ಟೈಪ್ ಮಾಡಿ ಡೆಸ್ಕ್‌ಟಾಪಲ್ಲೇ ಇಟ್ಟಿದ್ದೀನಿ, ಉಳಿದದ್ದು ಶನಿವಾರದೊಳಗೆ ಮೇಲ್ ಮಾಡ್ತೀನಿ. ಬಿಸಿಲಲ್ಲಿ ಇಷ್ಟು ತೋಟ ಒಬ್ಬಳೇ ತಿರುಗಿ ಮರ ಎಣಿಸಿದ್ದೀಯ ಅಂತ ಟೈಪ್ ಮಾಡೋವರೆಗೂ ನನಗೆ ಗೊತ್ತಿರಲಿಲ್ಲ ನೋಡು. 19ನೇ ಹಾಳೆಯಲ್ಲಿ ರೋಗದ ಮರ 41 ಅಂತ ಬರೆದಿದ್ದೀಯೋ 47 ಅಂತಲೋ, ಖಾಲಿ ಬಿಟ್ಟಿದ್ದೀನಿ.

ಪಾಸ್‌ವರ್ಡ್ ಇದರಲ್ಲಿ ಬರೆದಿಲ್ಲ, ಪಾರ್ಸೆಲ್ ಯಾರ ಕೈಗೆ ಹೋಗುತ್ತೋ. ಫೋನ್ ಮಾಡಿದರೆ ಹೇಳ್ತೀನಿ. ರಾತ್ರಿ ಹತ್ತರವರೆಗೂ ಅಂಗಡಿಯಲ್ಲೇ ಇರ್ತೀನಿ.

ಅಮ್ಮ