ನಿನ್ನ ಎಕ್ಸೆಲ್ ಶೀಟಿನಲ್ಲಿ ಇಲ್ಲದ ಜಾಗ

ಪುಟ್ಟಿ,

ಬೆಳಗಿನ ಜಾವ ಐದು ಗಂಟೆ. ಇವತ್ತು ಕಾವೇರಿ ನೀರು ಬಿಡುವ ದಿನ. ಸಂಪಿನ ಮುಚ್ಚಳ ಸರಿಸಿ, ವಾಲ್ವ್ ತಿರುಗಿಸಿ, ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಿಮ್ಮಪ್ಪ ಇನ್ನೂ ಎದ್ದಿಲ್ಲ. ಜೆಟ್ ಲ್ಯಾಗ್ ಅಂತೆ. ಬಂದು ಹನ್ನೆರಡು ದಿನ ಆಯ್ತು, ನೆಪ ಮಾತ್ರ ಅದೇ.

ನೀನು ಫೋನಿನಲ್ಲಿ ಎರಡು ಸಲ ಕೇಳಿದೆ, ಕ್ಯಾಲಿಫೋರ್ನಿಯಾ ಪ್ರವಾಸದ ಗ್ಲೇಸಿಯರ್ ಪಾಯಿಂಟ್ ಫೋಟೋ ಯಾಕೆ ಕಳಿಸಿಲ್ಲ ಅಂತ. ನೆಟ್‌ವರ್ಕ್ ಇರಲಿಲ್ಲ ಅಂದೆ. ಸುಳ್ಳು. ನಾವು ಅಲ್ಲಿಗೆ ಹೋಗಲೇ ಇಲ್ಲ. ಯಾಕೆ ಅಂತ ಫೋನಿನಲ್ಲಿ ಹೇಳೋಣ ಅಂದರೆ ನೀನು ಅರ್ಧದಲ್ಲಿ "ಅಮ್ಮಾ, ಮೀಟಿಂಗ್ ಇದೆ" ಅಂತೀಯ. ಅದಕ್ಕೇ ಈ ಪತ್ರ.

ಆ ಪ್ರವಾಸಕ್ಕೆ ನೀನು ಮಾಡಿಕೊಟ್ಟ ಎಕ್ಸೆಲ್ ಶೀಟನ್ನು ನಾನು ಬೈಯುತ್ತಿಲ್ಲ. ಒಂಬತ್ತು ದಿನ, ಮೂರು ಬಣ್ಣ. ಊರಿಗೆ ನೀಲಿ, ದ್ರಾಕ್ಷಿ ತೋಟಕ್ಕೆ ನೇರಳೆ, ಕಾಡಿಗೆ ಹಸಿರು. ಕಾಫಿ ಕುಡಿಯುವುದಕ್ಕೂ ಇಪ್ಪತ್ತು ನಿಮಿಷ ಬರೆದಿಟ್ಟಿದ್ದೆ. ಮದುವೆಯಾಗಿ ಮೂವತ್ತು ವರ್ಷಕ್ಕೆ ನಾವಿಬ್ಬರೇ ಹೋದ ಮೊದಲ ಪ್ರವಾಸ ಅದು. ಮುಂಚೆ ಹೋಗಿದ್ದೆಲ್ಲ ಧರ್ಮಸ್ಥಳ, ತಿರುಪತಿ, ಅದೂ ಟೆಂಪೋ ಟ್ರಾವೆಲರಿನಲ್ಲಿ ಹದಿನಾಲ್ಕು ಜನರ ಜೊತೆ. ನೀನು ಕಾರಿನ ಕೀ ನನ್ನ ಕೈಗೆ ಕೊಟ್ಟಾಗ ನಿಮ್ಮಪ್ಪನ ಮುಖ ನೋಡಬೇಕಿತ್ತು. ಕಣ್ಣಿನ ಪೊರೆ ತೆಗೆಸಿಕೊಳ್ಳಿ ಅಂತ ಎರಡು ವರ್ಷದಿಂದ ಹೇಳುತ್ತಿದ್ದೇನೆ. ಕೇಳಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಒಂಬತ್ತು ದಿನವೂ ಇಲ್ಲದ ಬ್ರೇಕ್ ಒತ್ತಿದರು.

ಸ್ಯಾನ್ ಫ್ರಾನ್ಸಿಸ್ಕೋ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನೀನು ಹೋಗುತ್ತಲೇ ಇರುತ್ತೀಯ. ಗೋಲ್ಡನ್ ಗೇಟ್ ಸೇತುವೆ ನಮಗೆ ಮೊಣಕಾಲಿನವರೆಗೆ ಮಾತ್ರ ದರ್ಶನ ಕೊಟ್ಟಿತು. ಮೇಲೆಲ್ಲ ಮಂಜು. 227 ಮೀಟರ್ ಎತ್ತರದ ಗೋಪುರ ಇದೆ ಅಂತ ನಂಬಿಕೊಂಡು ವಾಪಸ್ ಬಂದೆವು. ನಿಮ್ಮಪ್ಪನಿಗೆ ಇಷ್ಟವಾಗಿದ್ದು ಕೇಬಲ್ ಕಾರ್. ಹತ್ತಿದ್ದಕ್ಕಿಂತ ಜಾಸ್ತಿ, ಮೇಸನ್ ಸ್ಟ್ರೀಟಿನ ಮ್ಯೂಸಿಯಂನಲ್ಲಿ ಅದರ ಹೊಟ್ಟೆಯೊಳಗೆ ನೋಡಿದ್ದು. ಕಾರಿಗೆ ಇಂಜಿನ್ ಇಲ್ಲ, ಗೊತ್ತಾ? ರಸ್ತೆ ಕೆಳಗೆ ಉಕ್ಕಿನ ಹಗ್ಗ ಓಡುತ್ತಲೇ ಇರುತ್ತದೆ, ಗಂಟೆಗೆ ಸುಮಾರು 15 ಕಿ.ಮೀ. ಡ್ರೈವರ್ ದೊಡ್ಡ ಇಕ್ಕಳದಿಂದ ಆ ಹಗ್ಗವನ್ನು ಹಿಡಿದರೆ ಕಾರು ಹೊರಡುತ್ತೆ, ಬಿಟ್ಟು ಬ್ರೇಕ್ ಹಾಕಿದರೆ ನಿಲ್ಲುತ್ತೆ. 1873ರಿಂದ ಇದೇ ಲೆಕ್ಕ. ದೊಡ್ಡ ದೊಡ್ಡ ಗಾಲಿಗಳು ಹಗ್ಗ ಎಳೆಯುವುದನ್ನು ನೋಡುತ್ತಾ ನಿಮ್ಮಪ್ಪ, "ಇದು ನಮ್ಮ ತಾತನ ಕಪಿಲೆ ಬಾವಿ ಕಣೇ, ಎತ್ತು ಒಂದಿಲ್ಲ" ಅಂದರು. ಅಲ್ಲೇ ಒಂದು ಗಂಟೆ ಹೋಯ್ತು. ಅಲ್ಕಟ್ರಾಝ್ ದ್ವೀಪದ ಹಳೆ ಜೈಲಿಗೆ ಹೋಗುವ ದೋಣಿ ತಪ್ಪಿಹೋಯ್ತು.

ಇನ್ನೊಂದು ಒಪ್ಪಿಕೊಳ್ಳುವುದಿದೆ. ಆ ಊರಿನಲ್ಲಿ ಇಳಿಜಾರಿನಲ್ಲಿ ಕಾರು ನಿಲ್ಲಿಸಿದರೆ ಮುಂದಿನ ಚಕ್ರ ತಿರುಗಿಸಿ ಇಡಬೇಕು, ಇಲ್ಲದಿದ್ದರೆ ದಂಡ. ನೀನು ಹೇಳಿದ್ದೆ, ನಾನು ಮರೆತೆ. ಚೀಟಿ ನಿನ್ನ ಕಾರಿನ ಗ್ಲೌ ಬಾಕ್ಸಿನಲ್ಲಿದೆ, ಮ್ಯಾನ್ಯುಯಲ್ ಪುಸ್ತಕದ ಕೆಳಗೆ.

ವಿಷಯ ಶುರುವಾಗಿದ್ದು ಹೋಟೆಲ್ಲಿನಲ್ಲಿ. ನಿಮ್ಮಪ್ಪ ಕೆಟಲ್‌ನಲ್ಲಿ ನೀರು ಕಾಯಿಸಿ, ಆರಿಸಿ, ಬಾಟಲಿಗೆ ತುಂಬುತ್ತಿದ್ದರು. ರೂಮು ಗುಡಿಸಲು ಬಂದ ಹೆಂಗಸು ನೋಡಿ ನಕ್ಕು, "ನಲ್ಲಿ ನೀರೇ ಕುಡೀರಿ, ಹೆಚ್ ಹೆಚ್ಚಿ ನೀರು" ಅಂದಳು. ನಿಮ್ಮಪ್ಪ ನನ್ನ ಕಡೆ ತಿರುಗಿ, "ಏನು ಹೆಚ್ಚೋದಂತೆ, ತರಕಾರೀನಾ?" ಅಂದರು. ಫೋನಿನಲ್ಲಿ ಹುಡುಕಿದೆ. ಹೆಚ್ ಹೆಚ್ಚಿ ಒಂದು ಕಣಿವೆ. ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಒಳಗೇ ಇದೆ. ಅಲ್ಲಿ ಅಣೆಕಟ್ಟು ಕಟ್ಟಿ, 167 ಮೈಲಿ ದೂರದಿಂದ ಈ ಊರಿಗೆ ನೀರು ತರುತ್ತಾರೆ. ನಿನ್ನ ರೆಡ್‌ವುಡ್ ಸಿಟಿ ಮನೆಯ ನಲ್ಲಿಗೂ ಹೆಚ್ಚಿನ ಪಾಲು ಅದೇ ನೀರು. ನಿಮ್ಮಪ್ಪ ಲೋಟ ಹಿಡಿದು ಕುಡಿದರು. ಇನ್ನೊಂದು ಲೋಟ ಹಿಡಿದರು. "ಎಷ್ಟು ಮೋಟರ್ ಇಟ್ಟಿದ್ದಾರಂತೆ?" ಅಂತ ಕೇಳಿದರು. ಮೋಟರ್ ಇಲ್ಲ, ಬೆಟ್ಟದಿಂದ ತಾನಾಗೇ ಇಳಿದು ಬರುತ್ತೆ ಅಂತ ಓದಿ ಹೇಳಿದೆ. ನಂಬಲಿಲ್ಲ. ನಮ್ಮ ಬೆಂಗಳೂರಿಗೆ ಕಾವೇರಿ ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಹತ್ತಿ ಬರಬೇಕು, ಮೂರು ಕಡೆ ಪಂಪ್ ಹಚ್ಚಿ. ಅದನ್ನೇ ನೋಡಿದ ಮನುಷ್ಯ ಹೇಗೆ ನಂಬುತ್ತಾರೆ?

ಆಮೇಲೆ ನೇರಳೆ ಬಣ್ಣದ ದಿನಗಳು.

ನೀನು ಹುಟ್ಟಿದ ಮೇಲೆ ದ್ರಾಕ್ಷಿ ತೋಟ ಹೇಗಿತ್ತು ಅಂತ ನಿನಗೆ ಅಷ್ಟಾಗಿ ನೆನಪಿರಲಾರದು. ದೊಡ್ಡಬಳ್ಳಾಪುರದ ಅಜ್ಜಿ ಮನೆ ಹಿಂದೆ ಬರೀ ಕಲ್ಲುಕಂಬಗಳ ಸಾಲು, ನೀನು ಅವುಗಳ ನಡುವೆ ಕಣ್ಣಾಮುಚ್ಚಾಲೆ ಆಡುತ್ತಿದ್ದೆ, ಅಷ್ಟೇ ಅಲ್ವಾ? ಆ ಕಂಬಗಳ ಮೇಲೆ ಒಂದೂವರೆ ಎಕರೆ ಚಪ್ಪರ ಇತ್ತು. ಬೆಂಗಳೂರು ಬ್ಲೂ ತಳಿ ಜಾಸ್ತಿ, ಒಂದು ಪಕ್ಕ ಸ್ವಲ್ಪ ದಿಲ್‌ಕುಷ್. ನಾನು ಮದುವೆಯಾಗಿ ಬಂದಾಗ ಮೊದಲು ಕಂಡಿದ್ದೇ ಆ ನೆರಳು. ಮಧ್ಯಾಹ್ನ ಹನ್ನೆರಡಕ್ಕೂ ಅದರ ಕೆಳಗೆ ತಣ್ಣಗಿರುತ್ತಿತ್ತು. ನಿಮ್ಮಪ್ಪ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಿ, ಅಂದರೆ ಬಳ್ಳಿ ಸವರಿ, ಎರಡು ಬೆಳೆ ತೆಗೆಯುತ್ತಿದ್ದರು.

ನೀನು ನಾಪಾ ಅಂತ ಬರೆದಿದ್ದೆ. ನಾವು ಪಕ್ಕದ ಸೊನೋಮಾದಲ್ಲೇ ಹೆಚ್ಚು ಹೊತ್ತು ಕಳೆದೆವು. ನಾಪಾ ದಾರಿ ತುಂಬಾ ಚೆಂದ, ಸ್ವಲ್ಪ ಜಾಸ್ತಿಯೇ ಚೆಂದ. ಮದುವೆ ಛತ್ರಗಳ ಥರ ಗೇಟುಗಳು. 1976ರಲ್ಲಿ ಪ್ಯಾರಿಸ್‌ನಲ್ಲಿ ಕಣ್ಣು ಕಟ್ಟಿದ ಹಾಗೆ, ಹೆಸರು ಮುಚ್ಚಿಟ್ಟು ರುಚಿ ನೋಡಿಸಿದರಂತೆ. ಫ್ರೆಂಚ್ ತೀರ್ಪುಗಾರರೇ ನಾಪಾದ ವೈನಿಗೆ ಮೊದಲ ಸ್ಥಾನ ಕೊಟ್ಟರಂತೆ, ಕೆಂಪಿನಲ್ಲೂ, ಬಿಳಿಯಲ್ಲೂ. ಅಲ್ಲಿಂದ ಅದರ ದೆಸೆ ತಿರುಗಿತು. ಈಗ ಒಂದು ಗುಟುಕಿಗೆ ಕೇಳುವ ದುಡ್ಡಿಗೆ ನಮ್ಮಲ್ಲಿ ಒಂದು ವಾರದ ತರಕಾರಿ ಬರುತ್ತೆ.

ಸೊನೋಮಾದಲ್ಲಿ ಒಂದು ಚಿಕ್ಕ ತೋಟ. ನನ್ನ ವಯಸ್ಸಿನ ಹೆಂಗಸು, ಹುಲ್ಲಿನ ಟೋಪಿ ಹಾಕಿಕೊಂಡು ತಾನೇ ಸುತ್ತಿಸಿದಳು. ಗಾಡಿ ಓಡಿಸುವವಳು ನಾನು, ಅದಕ್ಕೆ ಒಂದು ಹನಿ ಬಾಯಿಗೆ ಹಾಕಿ ಬಕೆಟ್ಟಿಗೆ ಉಗಿದೆ. ಉಗಿಯುವುದಕ್ಕೆ ಅಂತಲೇ ಬೆಳ್ಳಿಯಂಥ ಬಕೆಟ್ ಇಡುತ್ತಾರೆ! ಜಿನ್‌ಫಂಡೆಲ್ ಅಂತ ಹೆಸರು. ಅವಳು ಏನೇನೋ ಹಣ್ಣು, ಮಸಾಲೆ ಅಂತ ವರ್ಣಿಸಿದಳು. ನನಗೆ ಒಗ್ಗರಣೆ ಹಾಕದ ಹುಣಸೆ ಗೊಜ್ಜಿನ ಹಾಗೆ, ಕೊನೆಗೆ ಸ್ವಲ್ಪ ನೇರಳೆ ಹಣ್ಣು. ನಿಮ್ಮಪ್ಪನಿಗೆ ವೈನ್ ಕಡೆ ಗಮನವೇ ಇಲ್ಲ. ಗ್ಲಾಸನ್ನು ಬೇಲಿ ಗೂಟದ ಮೇಲಿಟ್ಟು ಗಿಡದ ಹತ್ತಿರ ಹೋದರು.

ಆ ಗಿಡಗಳು ನಮ್ಮವುಗಳ ಥರ ಅಲ್ಲವೇ ಅಲ್ಲ. ಚಪ್ಪರ ಇಲ್ಲ, ತಂತಿ ಇಲ್ಲ. ಒಂದೊಂದೂ ಗಿಡ್ಡವಾಗಿ, ದಪ್ಪವಾಗಿ, ತಲೆಗೂದಲು ಕೆದರಿಕೊಂಡ ಮುದುಕನ ಹಾಗೆ ಒಂಟಿಯಾಗಿ ನಿಂತಿದೆ. ನೂರು ವರ್ಷ ದಾಟಿದವು ಅಂದಳು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಮದ್ಯ ನಿಷೇಧ ಇದ್ದಾಗಲೂ ಬದುಕಿ ಉಳಿದವು. ಮನೆಯಲ್ಲೇ ವೈನ್ ಮಾಡಿಕೊಳ್ಳುವವರಿಗಾಗಿ ದ್ರಾಕ್ಷಿ ರೈಲಿನಲ್ಲಿ ಪೂರ್ವದ ಊರುಗಳಿಗೆ ಹೋಗುತ್ತಿತ್ತಂತೆ. ಮೇ ತಿಂಗಳ ಕೊನೆ, ಹೂ ಬಿಟ್ಟಿತ್ತು. ದ್ರಾಕ್ಷಿ ಹೂ ಕಣ್ಣಿಗೇ ಕಾಣಿಸುವುದಿಲ್ಲ, ರಾಗಿ ಕಾಳಿನಷ್ಟು. ನಿಮ್ಮಪ್ಪ ಕನ್ನಡಕ ತೆಗೆದು ಮೂಗು ಹತ್ತಿರ ಒಯ್ದು ಮೂಸಿದರು. ಆಮೇಲೆ ಮಂಡಿಯೂರಿ ಕೂತು ಬುಡದ ಮಣ್ಣು ಸರಿಸಿ, ಕಾಂಡ ಗಂಟು ಕಟ್ಟಿದ ಕಡೆ ಬೆರಳಿಟ್ಟು, ಆ ಹೆಂಗಸಿನ ಕಡೆ ನೋಡಿ ಒಂದೇ ಮಾತು ಕೇಳಿದರು: "ಡಾಗ್‌ರಿಡ್ಜ್?"

ಅವಳಿಗೆ ಆಶ್ಚರ್ಯವೋ ಆಶ್ಚರ್ಯ. "ನೋ, ಸೇಂಟ್ ಜಾರ್ಜ್" ಅಂದಳು. ಇಬ್ಬರೂ ನಕ್ಕರು. ನನಗೆ ಅರ್ಥವಾಗಲಿಲ್ಲ. ಆಮೇಲೆ ಹೇಳಿದರು. ಬೇರು ತಿನ್ನುವ ಫಿಲಾಕ್ಸೆರಾ ಅನ್ನುವ ಚಿಕ್ಕ ಹುಳ ನೂರೈವತ್ತು ವರ್ಷದ ಹಿಂದೆ ಯುರೋಪಿನ ತೋಟಗಳನ್ನೆಲ್ಲ ನುಂಗಿತ್ತು. ಆ ಹುಳಕ್ಕೆ ಜಗ್ಗದ ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ಬೇರೆ ತಳಿ ಕಸಿ ಮಾಡುತ್ತಾರೆ. ಸೇಂಟ್ ಜಾರ್ಜ್ ಅಂಥ ಒಂದು ಬೇರು. ಡಾಗ್‌ರಿಡ್ಜ್ ಕೂಡ ಅಮೆರಿಕದ್ದೇ, ಟೆಕ್ಸಾಸಿನದು. ನಮ್ಮಲ್ಲಿ ಅದನ್ನು ಹಾಕುವುದು ಬರ, ಉಪ್ಪು ನೀರು ತಡೆಯಲಿ ಅಂತ. ನಮ್ಮ ದಿಲ್‌ಕುಷ್ ನಿಂತಿದ್ದು ಅದರ ಮೇಲೆ. ಇಂಗ್ಲಿಷ್ ಬಾರದ ಮನುಷ್ಯ, ಕನ್ನಡ ಕೇಳೇ ಇಲ್ಲದ ಹೆಂಗಸು, ಬೇರಿನ ಹೆಸರಿನಲ್ಲಿ ಮಾತಾಡಿಕೊಂಡರು ನೋಡು.

"ಬೋರ್ ಎಷ್ಟು ಅಡಿ ಅಂತ ಕೇಳು" ಅಂದರು ನನಗೆ. ಕೇಳಿದೆ. ಈ ತುಂಡಿಗೆ ನೀರೇ ಹಾಯಿಸುವುದಿಲ್ಲ ಅಂದಳು. ಚಳಿಗಾಲದ ಮಳೆ ಮಾತ್ರ. ಗಿಡ ದೂರ ದೂರ ಇದೆ, ಬೇರು ತಾನೇ ಆಳಕ್ಕೆ ಹುಡುಕಿಕೊಂಡು ಹೋಗುತ್ತೆ. ಎಕರೆಗೆ ಸಿಗುವುದು ಕಡಿಮೆ, ಆದರೆ ರುಚಿ ಇದೆ ಅಂತ ಜನ ದುಡ್ಡು ಕೊಡುತ್ತಾರೆ.

ಅದನ್ನು ಕನ್ನಡದಲ್ಲಿ ಹೇಳಿದ ಮೇಲೆ ನಿಮ್ಮಪ್ಪ ಮಾತಾಡಲಿಲ್ಲ. ಗ್ಲಾಸು ಅಲ್ಲೇ ಗೂಟದ ಮೇಲೆ ಉಳಿಯಿತು.

ರಾತ್ರಿ ಮೋಟೆಲಿನಲ್ಲಿ ಲೈಟ್ ಆರಿಸಿದ ಮೇಲೆ ಮಾತು ಶುರು ಮಾಡಿದರು. ಮೊದಲ ಬೋರು 180 ಅಡಿಗೆ ನೀರು ಕೊಟ್ಟಿತ್ತು. ಮೂರನೆಯದು 600. 2003ರ ಬರದಲ್ಲಿ ನಾಲ್ಕನೆಯದು ಕೊರೆಸಿದರು, 900 ಅಡಿವರೆಗೆ ಬರೀ ಧೂಳು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇದು: ಬಳ್ಳಿ ಕಡಿಯಲು ಆಳು ಕರೆಸಿದ್ದೇನೆ ಅಂತ ಹೇಳಿ ನನ್ನನ್ನೂ ನಿನ್ನನ್ನೂ ಎರಡು ದಿನ ನನ್ನ ತವರಿಗೆ ಕಳಿಸಿದ್ದರಲ್ಲ, ಆಳು ಯಾರೂ ಬಂದಿರಲಿಲ್ಲ. ಅವರೊಬ್ಬರೇ ಕಡಿದರು. ಆರುನೂರ ನಲವತ್ತು ಗಿಡ. ಲೆಕ್ಕ ಇಟ್ಟಿದ್ದರು. "ಕಡಿದಾಗ ಒಂದೊಂದರಲ್ಲಿ ನೀರು ಜಿನುಗ್ತು ಕಣೇ" ಅಂದರು. ಅಷ್ಟೇ. ಆಮೇಲೆ ಗೊರಕೆ. ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಇಡ್ಲಿ ಸಿಗುತ್ತಾ ಅಂತ ಕೇಳಿದರು, ಏನೂ ಆಗಿಲ್ಲ ಅನ್ನುವ ಹಾಗೆ.

ಯೊಸೆಮಿಟಿಯಲ್ಲಿ ನಿನ್ನ ಹಸಿರು ಬಣ್ಣ. ಕರಡಿ ಡಬ್ಬದ ಕಥೆ ಕೇಳು. ಅಲ್ಲಿ ವಾಸನೆ ಬರುವ ಯಾವುದನ್ನೂ ರಾತ್ರಿ ಕಾರಿನಲ್ಲಿ ಇಡುವಂತಿಲ್ಲ, ಕರಡಿ ಬಾಗಿಲು ಕಿತ್ತು ಒಳಗೆ ಬರುತ್ತೆ. ಉಕ್ಕಿನ ಪೆಟ್ಟಿಗೆಯಲ್ಲಿ ಇಡಬೇಕು. ಟೂತ್‌ಪೇಸ್ಟ್ ಸಹ. ಚಟ್ನಿಪುಡಿ, ಇಂಗು, ಮಿಡಿ ಉಪ್ಪಿನಕಾಯಿ, ನಿಮ್ಮಪ್ಪನ ಅಮೃತಾಂಜನ, ಎಲ್ಲ ಸಾಲಾಗಿ ಜೋಡಿಸಿದೆ. ಪಕ್ಕದ ಟೆಂಟಿನ ಹುಡುಗ ಬಗ್ಗಿ ನೋಡಿ, ಒಂದು ಹೆಜ್ಜೆ ಹಿಂದೆ ಸರಿದ. ಕರಡಿಯೂ ಹಾಗೇ ಸರಿದಿರಬೇಕು, ಬರಲಿಲ್ಲ.

ಎಲ್ ಕ್ಯಾಪಿಟನ್ ಕೆಳಗೆ ಎಲ್ಲರೂ ಬಾಯಿ ತೆರೆದು ನಿಂತಿದ್ದರು. ಬುಡದಿಂದ ಸುಮಾರು 3,000 ಅಡಿ ನೆಟ್ಟಗೆ ಒಂದೇ ಬಂಡೆ. ನಿಮ್ಮಪ್ಪ ಕೈ ಅಡ್ಡ ಹಿಡಿದು ನೋಡಿ, "ಎಷ್ಟು ಚಪ್ಪರಕ್ಕೆ ಕಂಬ ಆಗ್ತಿತ್ತು" ಅಂದರು. ಮಿಸ್ಟ್ ಟ್ರೇಲ್ ಹತ್ತಿದೆವು. ಸೇತುವೆಯವರೆಗೆ ಇಬ್ಬರೂ. ಅಲ್ಲಿಂದ ವರ್ನಲ್ ಜಲಪಾತದ ನೆತ್ತಿಗೆ 600ಕ್ಕೂ ಜಾಸ್ತಿ ಕಲ್ಲು ಮೆಟ್ಟಿಲು. ನಿಮ್ಮಪ್ಪನ ಮಂಡಿ ಬೇಡ ಅಂದಿತು, ನಾನೊಬ್ಬಳೇ ಹೋದೆ. ಮೇ ತಿಂಗಳಲ್ಲಿ ಹಿಮ ಕರಗಿ ನೀರು ರಭಸವಾಗಿರುತ್ತೆ. ಮಳೆಯಲ್ಲ, ಬದಿಯಿಂದ ಯಾರೋ ಬಿಂದಿಗೆಯಲ್ಲಿ ಎರಚಿದ ಹಾಗೆ. ಮೆಟ್ಟಿಲಿಗೆ ಅಡ್ಡಲಾಗಿ ಕಾಮನಬಿಲ್ಲು, ಪೂರ್ತಿ ದುಂಡಗೆ, ನನ್ನ ಸೊಂಟದ ಎತ್ತರಕ್ಕೆ. ಐವತ್ತಾರು ವರ್ಷಕ್ಕೆ ಕಾಮನಬಿಲ್ಲನ್ನು ಬಗ್ಗಿ ನೋಡಿದೆ. ಪಂಚೆ ಹಿಂಡಿದ ಹಾಗೆ ಚೂಡಿದಾರ ಹಿಂಡಿಕೊಂಡು ಇಳಿದೆ.

ಮಾರನೆಯ ದಿನ ಗ್ಲೇಸಿಯರ್ ಪಾಯಿಂಟ್ ಇತ್ತು. ನಿಮ್ಮಪ್ಪ ಬೆಳಿಗ್ಗೆ ಬೂಟಿನ ಲೇಸ್ ಕಟ್ಟುತ್ತಾ, "ಆ ತರಕಾರಿ ಹೆಚ್ಚೋ ಜಾಗ ಎಷ್ಟು ದೂರ?" ಅಂತ ಕೇಳಿದರು. ಮೂವತ್ತು ವರ್ಷದಲ್ಲಿ ಅವರು ಎಲ್ಲಿಗಾದರೂ ಹೋಗೋಣ ಅಂತ ಕೇಳಿದ್ದು ಅದೇ ಮೊದಲು. ನಾನು ಗಾಡಿ ತಿರುಗಿಸಿದೆ.

ಹೆಚ್ ಹೆಚ್ಚಿಗೆ ಜನ ಕಡಿಮೆ. ಅಲ್ಲಿನ ಮೂಲನಿವಾಸಿಗಳಾದ ಮಿವೋಕ್ ಜನರ ಭಾಷೆಯಲ್ಲಿ, ಕಾಳು ತಿನ್ನಬಹುದಾದ ಒಂದು ಹುಲ್ಲಿನ ಹೆಸರಂತೆ ಅದು. ಮುಂಚೆ ಇದು ಯೊಸೆಮಿಟಿಯ ತಂಗಿಯಂಥ ಕಣಿವೆ. ಅದೇ ಬಂಡೆ, ಅದೇ ಜಲಪಾತ, ತಳದಲ್ಲಿ ಹುಲ್ಲುಗಾವಲು. 1906ರ ಭೂಕಂಪದಲ್ಲಿ ಊರಿಗೆ ಬೆಂಕಿ ಬಿದ್ದಾಗ ನೀರಿಲ್ಲದೆ ಸ್ಯಾನ್ ಫ್ರಾನ್ಸಿಸ್ಕೋ ದಿನಗಟ್ಟಲೆ ಉರಿಯಿತು. ಆಮೇಲೆ ಈ ನೀರು ಬೇಕೇ ಬೇಕು ಅಂತ ಪಟ್ಟು ಹಿಡಿದರು. ಕಾಡು ಬೆಟ್ಟ ಉಳಿಸಬೇಕು ಅಂತ ಬರೆಯುತ್ತಿದ್ದ ಜಾನ್ ಮ್ಯೂರ್ ಬೇಡ ಅಂತ ವರ್ಷಗಟ್ಟಲೆ ಹೋರಾಡಿದರು. 1913ರಲ್ಲಿ ಅಣೆಕಟ್ಟು ಕಟ್ಟಬಹುದು ಅಂತ ಕಾನೂನಾಯಿತು, ಮರುವರ್ಷ ಅವರು ತೀರಿಕೊಂಡರು. ಅಣೆಕಟ್ಟು ಮುಗಿದದ್ದು 1923ರಲ್ಲಿ, ನೀರು ಊರು ಮುಟ್ಟಿದ್ದು 1934ರಲ್ಲಿ.

ಅಣೆಕಟ್ಟಿನ ಮೇಲೆ ನಿಂತು ನಾವಿಬ್ಬರೂ ಜಗಳ ಆಡಿದೆವು. ನಿಜವಾದ ಜಗಳ, ಪಕ್ಕದವರು ತಿರುಗಿ ನೋಡುವಷ್ಟು. ಇಷ್ಟು ಚೆಂದದ ಜಾಗ ಮುಳುಗಿಸೋದಾ, ಶರಾವತಿ ಹಿನ್ನೀರಿನವರನ್ನು ಕೇಳಿ ಅಂದೆ ನಾನು. "ಬೋರಲ್ಲಿ ಧೂಳು ಬಂದವರನ್ನ ಕೇಳು" ಅಂದರು ಅವರು. ನಾನು ಮಾತು ನಿಲ್ಲಿಸಿದೆ. ಸೋತೆ ಅಂತಲ್ಲ. ಈಗಲೂ ನನಗೆ ಅದು ಮುಳುಗಬಾರದಿತ್ತು ಅಂತಲೇ ಅನಿಸುತ್ತೆ.

ಸುರಂಗ ದಾಟಿ ಕೆರೆಯ ಅಂಚಿನಲ್ಲಿ ಒಂದು ಮೈಲಿ ನಡೆದೆವು. ನಿಮ್ಮಪ್ಪ ಮುಂದೆ, ಕುಂಟುತ್ತಾ. ಬಂಡೆಯ ಮೇಲಿಂದ ಸಣ್ಣ ತೊರೆ ದಾರಿಗೆ ಅಡ್ಡವಾಗಿ ಇಳಿಯುತ್ತಿತ್ತು. ಕೆರೆಗೆ ಇಳಿಯುವ ಹಾಗಿಲ್ಲ, ಕುಡಿಯುವ ನೀರು. ಅವರು ತೊರೆಯ ಪಕ್ಕ ಕೂತು, ಬೂಟು ಬಿಚ್ಚದೆ, ಅಂಗೈ ಒಡ್ಡಿಕೊಂಡು ಸುಮ್ನೆ ನೋಡುತ್ತಿದ್ದರು. ಕಾಲು ಗಂಟೆ ಇರಬೇಕು. ನಾನು ಫೋಟೋ ತೆಗೆಯಲಿಲ್ಲ. ಅದಕ್ಕೇ ನಿನಗೆ ಕಳಿಸಲು ಏನೂ ಇಲ್ಲ.

ಪೈಪು ಗೊರ ಗೊರ ಅನ್ನುತ್ತಿದೆ. ಮೊದಲು ಗಾಳಿ ಬರುತ್ತೆ, ಆಮೇಲೆ ಸ್ವಲ್ಪ ಕೆಂಪು ನೀರು, ಅದನ್ನು ಹೊರಗೆ ಬಿಡಬೇಕು. ನಿಮ್ಮಪ್ಪ ಒಳಗಿಂದ "ಬಂತಾ?" ಅಂತ ಕೂಗುತ್ತಿದ್ದಾರೆ. ಎದ್ದಿದ್ದಾರೆ ಅಂತಾಯ್ತು.

ದಂಡದ ಚೀಟಿ ಬೇಗ ಕಟ್ಟಿಬಿಡು, ತಡವಾದರೆ ಇನ್ನೂ ಜಾಸ್ತಿ ಹಾಕುತ್ತಾರಂತೆ.

ಅಮ್ಮ